ಕಿವಿಯೊಳಗಿನ ಗದ್ದಲ: ಬ್ಯಾಂಡ್ ಗಾಯಕಿಯೊಬ್ಬಳು ರೇಡಿಯೋ ನಿರೂಪಕಿಯಾದ ಪ್ರಕರಣ

ಬೆಳಗಾವಿಯ ಸಮುದಾಯ ಬಾನುಲಿ ಕೇಂದ್ರವೊಂದರಲ್ಲಿ ನಾನು ಕಾರ್ಯಕ್ರಮ ಸಂಯೋಜಕಿ. ಹೊಸದಾಗಿ ಮೈಕ್ ಮುಂದೆ ಕೂರುವವರನ್ನು ತಯಾರು ಮಾಡುವುದೇ ನನ್ನ ಕೆಲಸದ ದೊಡ್ಡ ಪಾಲು. ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬಳ ಪ್ರಕರಣ. ಆಕೆ ಓದಿ, ಎರಡು ಕಡೆ ತಿದ್ದಿಸಿ, ಒಪ್ಪಿದ ಮೇಲೆಯೇ ಇದನ್ನು ಹೊರಗಿಡುತ್ತಿದ್ದೇನೆ. ಆಕೆಯ ಹೆಸರಿಲ್ಲ, ಬ್ಯಾಂಡಿನ ಹೆಸರಿಲ್ಲ, ಕೇಂದ್ರದ ಹೆಸರೂ ಇಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಇದರಲ್ಲಿ ನಡೆದ ದೊಡ್ಡ ತಪ್ಪು ನನ್ನದು. ಅದೇ ತಪ್ಪನ್ನು ಇನ್ನೊಂದು ಕೇಂದ್ರದಲ್ಲಿ ಇನ್ನೊಬ್ಬರು ಮಾಡದಿರಲಿ ಎಂಬ ಆಸೆಯಿಂದಲೇ ಬರೆಯಲು ಕೂತೆ.

ಹಿನ್ನೆಲೆ

ಬೆಳಗಾವಿಯದೇ ಶಹಾಪುರದ ಹುಡುಗಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಐದು ಜನ ಸೇರಿ ಬ್ಯಾಂಡ್ ಕಟ್ಟಿದರು. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್, ಹಾಡಲು ಈಕೆ. ಸ್ವಂತ ಕನ್ನಡ ಹಾಡುಗಳು ಏಳೆಂಟಿದ್ದವು. ನಾನು ಕೇಳಿದ್ದೇನೆ, ಒಳ್ಳೆಯ ಹಾಡುಗಳು. ಆದರೆ ಸ್ವಂತ ಹಾಡು ಕಟ್ಟಿದ ತಂಡಕ್ಕೆ ನಮ್ಮೂರಲ್ಲಿ ಕಾಲೇಜು ಹಬ್ಬ ಬಿಟ್ಟರೆ ವೇದಿಕೆ ಕಡಿಮೆ. ಕುಮಾರ ಗಂಧರ್ವರು ಹುಟ್ಟಿದ ಜಿಲ್ಲೆ ಇದು, ಅವರ ಹೆಸರಿನ ರಂಗಮಂದಿರವೂ ಇಲ್ಲಿದೆ. ಆದರೂ ಡ್ರಮ್ಸ್ ಇಟ್ಟುಕೊಂಡು ಕನ್ನಡದಲ್ಲಿ ಹಾಡುವ ಹುಡುಗರು ದುಡಿಯಬೇಕೆಂದರೆ ಶುಕ್ರವಾರ ಸಂಜೆ ವ್ಯಾನಿಗೆ ಸಾಮಾನು ಏರಿಸಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೇ ಹೋಗಬೇಕು.

ಅಲ್ಲಿ ಒಂದು ರಾತ್ರಿಗೆ ಮುಕ್ಕಾಲು ಗಂಟೆಯ ಮೂರು ಸರದಿ. ಸ್ವಂತ ಹಾಡು ಮೂರೋ ನಾಲ್ಕೋ, ಉಳಿದದ್ದೆಲ್ಲ ಜನ ಕೇಳಿದ ಹಿಂದಿ ಹಾಡು. ಜಾಗ ಇಕ್ಕಟ್ಟು, ಡ್ರಮ್ಸ್ ಆಕೆಯ ಬೆನ್ನಿಗೇ ಇರುತ್ತಿತ್ತು. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲೆಂದು ಕಾಲ ಬಳಿ ಇಡುವ ಮಾನಿಟರ್ ಸ್ಪೀಕರ್ ಐದು ಜನಕ್ಕೆ ಸೇರಿ ಒಂದೇ. "ನನ್ನ ದನಿ ನನಗs ಕೇಳತಿರಲಿಲ್ರಿ. ಗಂಟಲಾಗಿನ ಬಿಗಿ ನೋಡಿ ಸುರ ಹಿಡೀತಿದ್ದೆ" ಎಂದು ಆಕೆ ಒಮ್ಮೆ ಹೇಳಿದಳು. ಆ ಮಾತಿನ ತೂಕ ನನಗೆ ತಿಳಿದದ್ದು ಬಹಳ ತಡವಾಗಿ.

2020ರಲ್ಲಿ ಎಲ್ಲ ನಿಂತಿತು. ಮತ್ತೆ ಶುರುವಾದಾಗ ಕಳೆದುಕೊಂಡದ್ದನ್ನು ತುಂಬಿಕೊಳ್ಳುವ ಆತುರ. ವಾರಕ್ಕೆ ಮೂರು ರಾತ್ರಿ ಹಾಡಿದಳು. 2023ರ ಹೊತ್ತಿಗೆ ಬೆಳಿಗ್ಗೆ ಎದ್ದರೆ ಮಧ್ಯಾಹ್ನದವರೆಗೂ ದನಿ ಒಡೆದೇ ಇರುತ್ತಿತ್ತು. ಅರಿಶಿಣ ಹಾಲು, ಜ್ಯೇಷ್ಠಮಧು, ಶುಂಠಿ ಎಲ್ಲ ಆಯಿತು. ಬ್ಯಾಂಡಿನವರು ಆಕೆಗೋಸ್ಕರ ಹಾಡುಗಳ ಶ್ರುತಿಯನ್ನು ಅರ್ಧ ಮನೆ ಇಳಿಸಿದರು, ಆಮೇಲೆ ಒಂದು ಮನೆ. ಮೂರನೇ ಸಲ ಇಳಿಸೋಣವೇ ಎಂದಾಗ ಆಕೆ ಗಂಟಲಿನ ವೈದ್ಯರ ಬಳಿ ಹೋದಳು.

ಗಂಟಲಿನೊಳಗೆ ಕಂಡದ್ದು

ಕ್ಯಾಮೆರಾ ಇಳಿಸಿ ನೋಡಿದಾಗ ಎರಡೂ ಧ್ವನಿತಂತುಗಳ ಮೇಲೆ ಎದುರುಬದುರಾಗಿ ಸಣ್ಣ ಗಂಟುಗಳು ಕಂಡವು. ವೈದ್ಯರು ನಾಡ್ಯೂಲ್ ಎಂದರು. ಗುದ್ದಲಿ ಹಿಡಿದ ಅಂಗೈಯಲ್ಲಿ ದಡ್ಡು ಕಟ್ಟುತ್ತದಲ್ಲ, ಹಾಗೆಯೇ ಇದು. ಹೆಣ್ಣುಮಕ್ಕಳು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಮೇಲಿನ ಸ್ವರ ಹಿಡಿದರೆ ಅದು 600 ದಾಟುತ್ತದೆ. ಅದೇ ತಾಗುವಿಕೆ ಬಲವಾಗಿ, ಬಿಡುವಿಲ್ಲದೆ ನಡೆದರೆ ತಂತು ಹೆಚ್ಚು ಹೊಡೆತ ತಿನ್ನುವ ಜಾಗದಲ್ಲಿ, ಮುಂದಿನಿಂದ ಸುಮಾರು ಮೂರನೇ ಒಂದು ಭಾಗದಷ್ಟು ಒಳಗೆ, ದಪ್ಪಗಾಗುತ್ತದೆ.

ಶಸ್ತ್ರಚಿಕಿತ್ಸೆ ಬೇಡ, ಮೊದಲು ಧ್ವನಿ ಚಿಕಿತ್ಸೆ ಎಂದು ತೀರ್ಮಾನವಾಯಿತು. ಕೆಲವು ವಾರ ಹಾಡು ಪೂರ್ತಿ ಬಂದ್. ಮಾತು ಬೇಕಾದಷ್ಟೇ, ಕೂಗುವಂತಿಲ್ಲ. ಪಿಸುಗುಡುವಂತೆಯೂ ಇಲ್ಲ, ಏಕೆಂದರೆ ಬಿಗಿಹಿಡಿದ ಪಿಸುದನಿಯೂ ಗಂಟಲಿಗೆ ಹೊರೆಯೇ. ಸ್ಟೀಲ್ ಲೋಟದಲ್ಲಿ ಅರ್ಧ ನೀರು ಹಾಕಿ, ಸ್ಟ್ರಾ ಮುಳುಗಿಸಿ, ಗುಳ್ಳೆ ಏಳುವಂತೆ "ಊ" ಎಂದು ದನಿ ಎಳೆಯುವ ಅಭ್ಯಾಸ ದಿನಕ್ಕೆ ನಾಲ್ಕೈದು ಸಲ. ಸ್ಟ್ರಾದ ಕಿರಿದಾದ ಬಾಯಿ ಗಾಳಿಯನ್ನು ತಡೆದು ಹಿಂದಕ್ಕೆ ಒತ್ತುವುದರಿಂದ ತಂತುಗಳು ಒಂದಕ್ಕೊಂದು ಜೋರಾಗಿ ಬಡಿಯದೆ ಮೆತ್ತಗೆ ಕಂಪಿಸುತ್ತವೆ. ಆ ಲೋಟ ಮುಂದೆ ನಮ್ಮ ಸ್ಟುಡಿಯೋಕ್ಕೂ ಬಂತು.

ಈ ಹೊತ್ತಿನಲ್ಲಿ ಗೆಳತಿಯೊಬ್ಬಳು ಆಕೆಯನ್ನು ನಮ್ಮ ಕೇಂದ್ರಕ್ಕೆ ಕರೆತಂದಳು. ಹಾಡಲಾರದವಳು ಮಾತಾಡಬಹುದಲ್ಲ ಎಂಬ ಸರಳ ಲೆಕ್ಕ. ಮೆತ್ತಗೆ, ಅಳತೆಯಲ್ಲಿ ಮಾತಾಡಿದರೆ ತೊಂದರೆಯಿಲ್ಲ ಎಂದು ಚಿಕಿತ್ಸಕರೂ ಒಪ್ಪಿದ್ದರು.

ಮೊದಲ ಏಳು ವಾರ

ಸಮುದಾಯ ಬಾನುಲಿ ಗೊತ್ತಿಲ್ಲದವರಿಗೆ ಒಂದು ಮಾತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಇಂಥ ಕೇಂದ್ರ ನಡೆಸುವ ಅವಕಾಶ ಸಿಕ್ಕಿತು. ಶಕ್ತಿ 100 ವ್ಯಾಟ್, ತಲುಪುವುದು ಹತ್ತು ಹದಿನೈದು ಕಿಲೋಮೀಟರ್. ಕೇಂದ್ರ ತಾನೇ ತಯಾರಿಸಿದ ಸುದ್ದಿ ಓದುವಂತಿಲ್ಲ. ಕೇಳುವವರು ಕಡಿಮೆ, ಆದರೆ ಕೇಳುವವರೆಲ್ಲ ನೆರೆಹೊರೆಯವರೇ.

ಹಾಡುಗಾರ್ತಿ ಸಿಕ್ಕಳೆಂದು ನಾನು ಹಿಗ್ಗಿ ಭಾನುವಾರ ಸಂಜೆಯ ಸಂಗೀತದ ಒಂದು ಗಂಟೆಯನ್ನು ಕೊಟ್ಟುಬಿಟ್ಟೆ. ತಪ್ಪು ನಡೆದದ್ದು ಇಲ್ಲಿಯೇ. ಆಕೆಗೆ ಏನು ಬರುತ್ತದೆ ಎಂದು ನೋಡಿದೆನೇ ಹೊರತು, ಆ ಬರುವಿಕೆಯಲ್ಲಿಯೇ ಆಕೆಗೆ ಗಾಯವಾದದ್ದನ್ನು ನೋಡಲಿಲ್ಲ.

"ಹೆಂಗದೀರಿ ಬೆಳಗಾವೀ...!" ಎಂದು ಶುರುವಾಗುತ್ತಿತ್ತು. ದನಿ ಮಿತಿಮೀರಿದರೆ ಹೊತ್ತುವ ಮೀಟರಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಮೈಕಿಗೆ ತುಟಿ ಹಚ್ಚಿ ಹಾಡಿದ ರೂಢಿ, ಹಾಗಾಗಿ ಪ, ಫ, ಭ ಬಂದಾಗಲೆಲ್ಲ ಡಬ್ ಡಬ್ ಎಂಬ ಗಾಳಿಯೇಟು. ಹಾಡು ಮುಗಿದು ಅರೆಕ್ಷಣ ಮೌನ ಬಂದರೆ ಸಾಕು, ಏನಾದರೂ ಒಂದು ತುರುಕುತ್ತಿದ್ದಳು. ಮಾತು ನಮ್ಮೂರ ಕನ್ನಡವಾಗಿರಲಿಲ್ಲ. ಬೆಂಗಳೂರಿನ ಎಫ್‌ಎಂಗಳಲ್ಲಿ ಕೇಳಿ ಕಲಿತ ಓಡುವ ಕನ್ನಡ, ನಡುನಡುವೆ ಹಿಂದಿ. ಆಕೆಯ ಬಾಯಲ್ಲಿ ಅದು ಎರವಲು ಸೀರೆಯಂತೆ ಕಾಣುತ್ತಿತ್ತು.

ನಾನು ತಿದ್ದಿದ್ದೇನೆ, ಆದರೆ ತಿದ್ದಿದ ರೀತಿ ಸರಿಯಿರಲಿಲ್ಲ. "ಸಣ್ಣಗೆ ಮಾತಾಡು", "ಒಬ್ಬರ ಜೊತೆ ಮಾತಾಡಿದಂತೆ ಮಾತಾಡು" ಎಂದೆ. ತರಬೇತಿಯಲ್ಲಿ ಎಲ್ಲರೂ ಹೇಳುವ ಮಾತು ಅದು. ಆಕೆ ಪ್ರಾಮಾಣಿಕವಾಗಿ ಪ್ರಯತ್ನಿಸುವಳು. ಎರಡು ನಿಮಿಷ ಸಣ್ಣಗಿರುತ್ತಿತ್ತು, ಮೂರನೇ ನಿಮಿಷಕ್ಕೆ ಮತ್ತೆ ಏರುತ್ತಿತ್ತು. ಸ್ವಭಾವವೇ ಹೀಗೆ, ವೇದಿಕೆಯವರು ಸ್ಟುಡಿಯೋಕ್ಕೆ ಒಗ್ಗುವುದಿಲ್ಲ ಎಂದು ನಾನು ಒಳಗೊಳಗೇ ಷರಾ ಬರೆದುಬಿಟ್ಟಿದ್ದೆ. ಏಳನೇ ವಾರ ಚಿಕಿತ್ಸಕರು ಮತ್ತೆ ನೋಡಿ, ಗಂಟು ಇಳಿಯಬೇಕಾದಷ್ಟು ಇಳಿದಿಲ್ಲ, ಎಲ್ಲಿ ಕೂಗುತ್ತಿದ್ದೀರಿ ಎಂದು ಕೇಳಿದರಂತೆ. ಆ ತಿಂಗಳು ಆಕೆ ಒಂದೇ ಒಂದು ವೇದಿಕೆ ಹತ್ತಿರಲಿಲ್ಲ. ಕೂಗಿದ್ದು ನಮ್ಮಲ್ಲಿ.

ಕಡತದಲ್ಲಿ ಸಿಕ್ಕ ನಾಲ್ಕು ನಿಮಿಷ

ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾಯ್ದಿಡಬೇಕೆಂಬುದು ಸಮುದಾಯ ಬಾನುಲಿಗಳ ಅನುಮತಿಯ ಷರತ್ತು. ಎಲ್ಲ ಕೇಂದ್ರಗಳೂ ಇಡುತ್ತವೆ, ಯಾರೂ ತೆಗೆದು ಕೇಳುವುದಿಲ್ಲ. ಆಕೆಯನ್ನು ಕೈಬಿಡುವ ಮೊದಲು ಏಳೂ ಕಂತು ಒಟ್ಟಿಗೆ ಕೇಳೋಣ ಎನಿಸಿ ಒಂದು ಮಧ್ಯಾಹ್ನ ಇಬ್ಬರೂ ಕೂತೆವು. ಆಕೆ ಮೊದಲ ಕಂತಿಗೇ ಮುಖ ಮುಚ್ಚಿಕೊಂಡಳು. ಸುಮ್ಮನೆ ಕೇಳು, ಯಾವುದು ಚೆನ್ನಾಗಿದೆ ಅನಿಸುತ್ತದೋ ಅಲ್ಲಿ ಗುರುತು ಹಾಕು ಎಂದೆ.

ಇಬ್ಬರೂ ಬೇರೆ ಬೇರೆಯಾಗಿ ಗುರುತು ಹಾಕಿದ ಜಾಗ ಒಂದೇ: ಐದನೇ ಕಂತಿನಲ್ಲಿ ಸುಮಾರು ನಾಲ್ಕು ನಿಮಿಷ. ಅಂದು ಹಾಡು ಬಿಡುವ ಕಂಪ್ಯೂಟರ್ ಕೈಕೊಟ್ಟಿತ್ತು. ತಂತ್ರಜ್ಞ ಅದನ್ನು ಮತ್ತೆ ಎಬ್ಬಿಸುವವರೆಗೆ ಆಕೆ ಏನೋ ಹೇಳಲೇಬೇಕಾಗಿತ್ತು. ಚೋರ್ಲಾದಲ್ಲಿ ಮಳೆಗೆ ವ್ಯಾನ್ ನಿಂತುಹೋದ ಒಂದು ರಾತ್ರಿಯ ಬಗ್ಗೆ ಹೇಳಿದಳು. ಡ್ರಮ್ಮಿನ ಚರ್ಮ ನೆನೆಯಬಾರದೆಂದು ಐವರೂ ತಮ್ಮ ಜಾಕೆಟ್ ಬಿಚ್ಚಿ ಅದಕ್ಕೆ ಹೊದಿಸಿದ್ದು, ತಾವು ಚಳಿಗೆ ನಡುಗುತ್ತ ಒಬ್ಬ ಲಾರಿ ಡ್ರೈವರ್ ಕೊಟ್ಟ ಚಹಾ ಹಂಚಿಕೊಂಡದ್ದು. "ಆ ಚಾದಾಗ ಮಳಿ ನೀರೂ ಬಿದ್ದಿತ್ತ ನೋಡ್ರಿ, ಆದ್ರೂ ಅಂಥಾ ಚಾ ಮತ್ತ ಕುಡದಿಲ್ಲ." ದನಿ ತಗ್ಗಿತ್ತು, ಮಾತು ನಿಧಾನವಿತ್ತು, ಬೆಳಗಾವಿಯ ಕನ್ನಡವಿತ್ತು. ಮೀಟರ್ ಒಮ್ಮೆಯೂ ಕೆಂಪಾಗಿರಲಿಲ್ಲ.

ಅಂದು ಏನು ಬೇರೆಯಿತ್ತು? ಗಾಬರಿಯಲ್ಲಿ ದನಿ ಇನ್ನೂ ಏರಬೇಕಿತ್ತು, ಆದರೆ ಇಳಿದಿತ್ತು. ಇದನ್ನೇ ಯೋಚಿಸುತ್ತ ಕೂತಾಗ ತಂತ್ರಜ್ಞ ಬಾಗಿಲಲ್ಲಿ ನಿಂತು ಹೇಳಿದ: "ಅವತ್ತು ಬೆಡ್ ಇರಲಿಲ್ಲ ಅಲ್ರಿ, ಕಂಪ್ಯೂಟರ್ ಬಂದ್ ಇತ್ತು."

ಮಾತಿನ ಅಡಿಯಲ್ಲಿ ಸಣ್ಣಗೆ ಓಡುವ ಸಂಗೀತವನ್ನು ನಾವು ಬೆಡ್ ಅನ್ನುತ್ತೇವೆ. ಕೇಳುಗರಿಗೆ ಅದು ಸಣ್ಣಗೇ ಕೇಳುತ್ತದೆ. ಆದರೆ ಆಕೆ ಹೆಡ್‌ಫೋನಿನ ವಾಲ್ಯೂಮನ್ನು ವೇದಿಕೆಯ ರೂಢಿಯಂತೆ ಮೇಲಕ್ಕಿಟ್ಟುಕೊಳ್ಳುತ್ತಿದ್ದಳು. ಎರಡೂ ಕಿವಿಗೆ ಡ್ರಮ್ ಬಡಿತ ತುಂಬಿರುತ್ತಿತ್ತು. ಗದ್ದಲದ ನಡುವೆ ಮನುಷ್ಯನ ದನಿ ತಾನಾಗಿಯೇ ಏರುತ್ತದೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಇದನ್ನು ದಾಖಲಿಸಿದ, ಇಂದಿಗೂ ಅದಕ್ಕೆ ಅವನ ಹೆಸರೇ ಇದೆ. ಇದು ಬೇಕೆಂದು ಮಾಡುವುದಲ್ಲ. ಹಾಗಾಗಿ "ಸಣ್ಣಗೆ ಮಾತಾಡು" ಎಂದು ಹೇಳಿ ನಿಲ್ಲಿಸಲು ಆಗುವುದೂ ಇಲ್ಲ. ಗೋವಾದ ವೇದಿಕೆಯಲ್ಲಿ ಆಕೆಯ ಗಂಟಲಿಗೆ ಏನಾಯಿತೋ ಅದನ್ನೇ ನಾವು ಹವಾನಿಯಂತ್ರಿತ ಕೋಣೆಯಲ್ಲಿ, ಹೆಡ್‌ಫೋನಿನ ಮೂಲಕ, ಪ್ರತಿ ಭಾನುವಾರ ಮಾಡುತ್ತಿದ್ದೆವು. ನಾನು ಸ್ವಭಾವ ಎಂದು ಷರಾ ಬರೆದದ್ದು ಆಕೆಯ ಕಿವಿಯೊಳಗಿನ ಗದ್ದಲವನ್ನು. ಆ ದಿನ ನನಗೆ ಬಹಳ ನೋವಾಯಿತು, ಆಕೆಗೆ ಕ್ಷಮೆ ಕೇಳಿದೆ.

ಏನು ಬದಲಾಯಿಸಿದೆವು

ಬೆಡ್ ತೆಗೆದೆವು. ಹೆಡ್‌ಫೋನಿನ ಒಂದು ಕಿವಿ ಹೊರಗೆ, ಇನ್ನೊಂದರ ವಾಲ್ಯೂಮ್ ಕೆಳಗೆ, ಅದರ ಗುಂಡಿಯ ಮೇಲೆ ಬಿಳಿ ಟೇಪಿನ ಗುರುತು. ಮೈಕಿನಿಂದ ಒಂದು ಗೇಣು ದೂರ, ಬಾಯಿಗೆ ನೇರವಾಗಿಡದೆ ಸ್ವಲ್ಪ ಓರೆಗೆ. ಇಷ್ಟಕ್ಕೇ ಮುಕ್ಕಾಲು ಸಮಸ್ಯೆ ಹೋಯಿತು. ಒಂದು ಉಪದೇಶವೂ ಬೇಕಾಗಲಿಲ್ಲ.

ಆಮೇಲೆ ಆಕೆಯ ಸಂಗೀತ ನಿಜವಾಗಿ ಎಲ್ಲಿ ಉಪಯೋಗಕ್ಕೆ ಬಂತೆಂದು ಕಂಡಿತು. ಹಾಡು ಶುರುವಾಗಿ ಸಾಹಿತ್ಯ ಬರುವ ಮೊದಲು ಹದಿನೈದೋ ಇಪ್ಪತ್ತೋ ಸೆಕೆಂಡು ವಾದ್ಯ ನುಡಿಯುತ್ತದಲ್ಲ, ಅದರೊಳಗೆ ಮಾತು ಮುಗಿಸಿ ಗಾಯಕನಿಗೆ ಜಾಗ ಬಿಡುವುದು ಹೊಸಬರಿಗೆ ಬಹಳ ಕಷ್ಟ. ಗಡಿಯಾರ ನೋಡುತ್ತ ತಡವರಿಸುತ್ತಾರೆ. ಆಕೆ ಗಡಿಯಾರ ನೋಡುತ್ತಲೇ ಇರಲಿಲ್ಲ. ಮೇಜಿನ ಕೆಳಗೆ ಹೆಬ್ಬೆರಳಿನಿಂದ ತಾಳದ ಸುತ್ತು ಎಣಿಸುತ್ತಿದ್ದಳು, ಎಂಟನೇ ಸುತ್ತಿನ ಕೊನೆಗೆ ಮಾತು ತಾನಾಗಿ ಮುಗಿಯುತ್ತಿತ್ತು.

ಎರಡನೇ ನಿರ್ಧಾರ ಕಾರ್ಯಕ್ರಮ ಬದಲಿಸಿದ್ದು. ಸಂಗೀತದ ಗಂಟೆಯನ್ನು ಬೇರೆಯವರಿಗೆ ಕೊಟ್ಟು, ವಡಗಾವಿ ಮತ್ತು ಖಾಸಬಾಗದ ನೇಕಾರರಿಗಾಗಿ ಇದ್ದ ಮಧ್ಯಾಹ್ನದ ಅರ್ಧ ಗಂಟೆಯನ್ನು ಆಕೆಗೆ ಒಪ್ಪಿಸಿದೆ. ಆಕೆಗೆ ಇದು ಹಿಂಬಡ್ತಿ ಎನಿಸಿತು. ಎರಡು ದಿನ ಕೇಂದ್ರಕ್ಕೆ ಬರಲಿಲ್ಲ. ಮೂರನೇ ದಿನ ಬಂದು, ಮೊದಲು ಅವರು ಕೇಳುವ ಜಾಗ ನೋಡಬೇಕು ಎಂದಳು.

ಹೋದೆವು. ವಿದ್ಯುತ್ ಮಗ್ಗದ ಶೆಡ್ಡಿನೊಳಗೆ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು ಎದೆಗೇ ತಾಗುತ್ತದೆ. ಅದರ ನಡುವೆ ತಲೆಗೆ ಟವೆಲ್ ಸುತ್ತಿದ ಒಬ್ಬ ನೇಕಾರ, ಟವೆಲಿನೊಳಗಿಂದ ಇಳಿದ ಇಯರ್‌ಫೋನಿನ ವೈರು. ಮೊಬೈಲಿನ ಎಫ್‌ಎಂಗೆ ಆ ವೈರೇ ಆಂಟೆನಾ, ಅದಿಲ್ಲದೆ ರೇಡಿಯೋ ಹತ್ತುವುದಿಲ್ಲ. ಟವೆಲ್ ಸುತ್ತಿದ್ದು ಹೊರಗಿನ ಸದ್ದು ತಡೆಯಲು. ಆಕೆ ಕೈಸನ್ನೆಯಲ್ಲಿ ಒಂದು ಕಿವಿಯದನ್ನು ಕೇಳಿ ತನ್ನ ಕಿವಿಗಿಟ್ಟುಕೊಂಡಳು. ಆಗ ನಮ್ಮದೇ ಮರುಪ್ರಸಾರ ಓಡುತ್ತಿತ್ತು. ಬೆಡ್ ಇದ್ದ ಕಡೆ ಮಾತು ಕಲಸಿಹೋಗುತ್ತಿತ್ತು, ಸ, ಶ, ತ ಇಂಥವೆಲ್ಲ ಮಗ್ಗದ ಸದ್ದಿಗೆ ಬಲಿ. ಬೆಡ್ ಇಲ್ಲದ ಕಡೆ ಅರ್ಥವಾಗುತ್ತಿತ್ತು. ಆಕೆಯ ಗಂಟಲಿಗೆ ಬೇಕಾದದ್ದೂ ಈ ಕೇಳುಗನ ಕಿವಿಗೆ ಬೇಕಾದದ್ದೂ ಒಂದೇ ಆಗಿತ್ತು.

ಅಲ್ಲಿಂದ ಮುಂದೆ ಆಕೆ ತನ್ನ ಶೈಲಿಯನ್ನು ತಾನೇ ಕಟ್ಟಿದಳು. ವಾಕ್ಯ ಚಿಕ್ಕದು. ನೂಲಿನ ದರ, ಅರ್ಜಿಯ ಕೊನೆ ದಿನಾಂಕ ಇಂಥ ಅಂಕಿ ಬಂದರೆ ಎರಡು ಸಲ. ಮುಖ್ಯ ಮಾತಿಗೆ ಮುಂಚೆ ಒಂದು ಉಸಿರಿನಷ್ಟು ಮೌನ, ಬ್ಯಾಂಡಿನಲ್ಲಿ ಪಲ್ಲವಿಗೆ ಮುಂಚೆ ಎಲ್ಲ ವಾದ್ಯ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಮಗ್ಗದವರ ಸಂದರ್ಶನಕ್ಕೆ ಕರೆಂಟ್ ಹೋಗುವ ಹೊತ್ತು ಕಾಯುತ್ತಿದ್ದಳು, ಇಲ್ಲವೇ ಅವರನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದಳು. ದಿನವಿಡೀ ಮಗ್ಗದ ಮೇಲೆ ಕೂಗಿ ಮಾತಾಡಿದವರು ಹಿತ್ತಲಿನಲ್ಲೂ ಮೊದಲ ಐದು ನಿಮಿಷ ಕೂಗುತ್ತಲೇ ಇರುತ್ತಾರೆ. ಆ ಐದು ನಿಮಿಷ ಆಕೆ ರೆಕಾರ್ಡರ್ ಒತ್ತುತ್ತಿರಲಿಲ್ಲ, ಮಕ್ಕಳು ಮರಿ ಕೇಳುತ್ತ ಕೂರುವಳು. ಅವರ ದನಿ ಇಳಿದ ಮೇಲೆ ಒತ್ತುವಳು. ಇದನ್ನು ನಾನು ಕಲಿಸಿದ್ದಲ್ಲ.

ಬ್ಯಾಂಡ್ ಬಿಟ್ಟದ್ದು

ಇಷ್ಟೆಲ್ಲ ಆಗುವಾಗಲೂ ಆಕೆ ಬ್ಯಾಂಡ್ ಬಿಟ್ಟಿರಲಿಲ್ಲ. ಗಂಟು ಸಣ್ಣದಾದಂತೆ ಮತ್ತೆ ತಿಂಗಳಿಗೆ ಎರಡು ಕಛೇರಿ ಒಪ್ಪಿಕೊಂಡಳು. ಕಛೇರಿಯಾದ ಮರುದಿನ ದನಿ ಹೋಗಿ, ಸೋಮವಾರದ ಕಾರ್ಯಕ್ರಮಕ್ಕೆ ಎರಡು ಸಲ ಬೇರೆಯವರು ಕೂತರು. ಕಾಲೇಜು ಹಬ್ಬಗಳ ಕಾಲ ಶುರುವಾಗುವ ಮುನ್ನ ಗಿಟಾರಿನವನು ನೇರವಾಗಿ ಕೇಳಿದ: ಇರ್ತೀಯೋ ಇಲ್ಲವೋ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕು. ಆ ಪ್ರಶ್ನೆಯಲ್ಲಿ ಕೆಡುಕು ನನಗೆ ಕಾಣಲಿಲ್ಲ. ನಾಲ್ಕು ಜನರ ಹೊಟ್ಟೆಪಾಡು ಅದು.

ಆಕೆ ನನ್ನ ಅಭಿಪ್ರಾಯ ಕೇಳಿದಳು. ಬೇಕೆಂದೇ ನಾನು ಹೇಳಲಿಲ್ಲ, ನಮ್ಮ ಕೇಂದ್ರಕ್ಕೆ ಆಕೆ ಬೇಕಾಗಿದ್ದಳು, ಹಾಗಾಗಿ ನನ್ನ ಸಲಹೆ ಶುದ್ಧವಾಗಿರುವುದು ಸಾಧ್ಯವಿರಲಿಲ್ಲ. ಬದಲಿಗೆ ಹಣದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟೆ. ನಾವು ಕೊಡುವ ಗೌರವಧನ ಗೋವಾದ ಒಂದು ವಾರಾಂತ್ಯದ ದುಡಿಮೆಗೂ ಸಮವಲ್ಲ. ಸಮುದಾಯ ಬಾನುಲಿಗಳಿಗೆ ಗಂಟೆಗೆ ಇದ್ದ 7 ನಿಮಿಷದ ಜಾಹೀರಾತು ಮಿತಿ 2024ರ ಫೆಬ್ರವರಿಯಲ್ಲಿ 12 ನಿಮಿಷಕ್ಕೇರಿತು ನಿಜ, ಆದರೆ ಮಿತಿ ಏರಿದೊಡನೆ ಜಾಹೀರಾತು ಬಂದು ಬೀಳುವುದಿಲ್ಲ. ಇಂಥ ಬದಲಾವಣೆಗೆ ಹೊರಟವರಿಗೆ ಈ ಲೆಕ್ಕ ಮೊದಲ ದಿನವೇ ಹೇಳಬೇಕು. ನಾನು ಆರು ತಿಂಗಳು ತಡವಾಗಿ ಹೇಳಿದೆ.

ಆಕೆ ತೀರ್ಮಾನ ತೆಗೆದುಕೊಂಡದ್ದು ಒಂದು ಅಭ್ಯಾಸದ ದಿನ. ಬ್ಯಾಂಡಿನವರ ಮುಂದೆ ತನ್ನದೇ ಹಾಡನ್ನು ಮೂಲ ಶ್ರುತಿಯಲ್ಲಿ ಹಾಡಲು ನೋಡಿದಳು. ಮೇಲಿನ ಸ್ವರ ಬಂತು. ಆದರೆ ಅದನ್ನು ಮುಟ್ಟಲು ಗಂಟಲು ಮತ್ತೆ ಹಳೆಯ ಬಿಗಿಗೇ ಹೋಯಿತು. "ಸುರ ಸಿಕ್ತರಿ, ಆದ್ರ ಯಾವ ದಾರೀಲೆ ಸಿಕ್ತು ಅಂತ ಗೊತ್ತಾತು" ಎಂದಳು. ಅಂದೇ ಬಿಟ್ಟಳು. ಮುಂದಿನ ಒಂದು ತಿಂಗಳು ಹೊಸ ಗಾಯಕಿಗೆ ಎಲ್ಲ ಹಾಡು ಕಲಿಸಿಕೊಟ್ಟಳು. ಅದಾದಮೇಲೆ ಅವರ ವ್ಯಾಟ್ಸ್ಆ್ಯಪ್ ಗುಂಪು ತಾನಾಗಿ ತಣ್ಣಗಾಯಿತು. ಐದು ವರ್ಷದ ಗೆಳೆತನ ಅದು. ಅದರ ಬದಲಿಗೆ ನಮ್ಮ ಕೇಂದ್ರ ಏನನ್ನೂ ಕೊಡಲಾರದು.

ಈಗ

ವಾರಕ್ಕೆ ನಾಲ್ಕು ದಿನ ಆಕೆಯ ಕಾರ್ಯಕ್ರಮ. ಉಳಿದ ದಿನ ಅಂಗಡಿಗಳ ಜಾಹೀರಾತಿಗೆ ದನಿ ಕೊಡುತ್ತಾಳೆ, ಎರಡು ಶಾಲೆಗಳಲ್ಲಿ ಹಾಡು ಕಲಿಸುತ್ತಾಳೆ. ಆದಾಯ ಮೊದಲಿಗಿಂತ ಕಡಿಮೆ. ಕಳೆದ ತಪಾಸಣೆಯಲ್ಲಿ ಒಂದು ಗಂಟು ಪೂರ್ತಿ ಹೋಗಿತ್ತು, ಇನ್ನೊಂದು ಗುರುತಿನಷ್ಟು ಉಳಿದಿತ್ತು. ಮನೆಯಲ್ಲಿ ಹಾಡುತ್ತಾಳೆ, ಮಧ್ಯಮದ ಮೇಲೆ ಹೋಗುವುದಿಲ್ಲ.

ನಮ್ಮ ಕೇಂದ್ರದಲ್ಲಿ ಹೊಸಬರು ಬಂದರೆ ಈಗ ಮೊದಲು ಹೆಡ್‌ಫೋನಿನ ವಾಲ್ಯೂಮ್ ನೋಡುತ್ತೇವೆ. ಅವರ ಮೊದಲ ಆರು ಕಂತು ಬೆಡ್ ಇಲ್ಲದೆ ನಡೆಯುತ್ತವೆ. ತಿಂಗಳಿಗೊಮ್ಮೆ ಕಡತ ತೆಗೆದು ಅವರ ಜೊತೆ ಕೂತು ಕೇಳುತ್ತೇವೆ, ತಪ್ಪು ಹುಡುಕಲು ಅಲ್ಲ, ಚೆನ್ನಾಗಿರುವ ನಾಲ್ಕು ನಿಮಿಷ ಹುಡುಕಲು. ವೇದಿಕೆಯಿಂದ ಬಂದವರಾದರೆ ಗಂಟಲು ತೋರಿಸಿ ಬನ್ನಿ ಎಂದು ಕಳಿಸುತ್ತೇವೆ.

ಮೊನ್ನೆ ಬ್ಯಾಂಡಿನವರು ಹೊಸ ಹಾಡೊಂದನ್ನು ಪ್ರಸಾರಕ್ಕೆ ಕಳಿಸಿದರು. ಹಾಡಿನ ಸಾಲು ಬರೆದವರಲ್ಲಿ ಆಕೆಯ ಹೆಸರೂ ಇತ್ತು. ತನ್ನ ಹಾಡನ್ನು ತಾನೇ ಆರಿಸಿ ಹಾಕಿದಂತಾಗಬಾರದು, ಬೇರೆಯವರು ಕೇಳಿ ತೀರ್ಮಾನಿಸಲಿ ಎಂದು ಆಕೆ ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಭಾನುವಾರದ ಗಂಟೆಯಲ್ಲಿ ಹಾಕಿದೆವು. ಪರಿಚಯಿಸಿದವರು ಬೇರೆ ನಿರೂಪಕರು. ಆಕೆ ಆ ದಿನ ಸದ್ದು ಏರಿಸಿ ಇಳಿಸುವ ಕನ್ಸೋಲಿನ ಹಿಂದೆ ಕೂತು, ಹೆಡ್‌ಫೋನಿನ ಒಂದು ಕಿವಿ ಹೊರಗಿಟ್ಟುಕೊಂಡು, ಹೆಬ್ಬೆರಳಿನಿಂದ ಸುತ್ತು ಎಣಿಸುತ್ತ ಫೇಡರ್ ಏರಿಸಿದಳು.